ಕೊಂಬೆಯಲ್ಲಿ ಬಂದದ್ದು

ಆ ದಿನ ಬೆಳಗ್ಗೆ ಇಬ್ಬನಿ ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ನನ್ನ ಕೈಯಲ್ಲಿದ್ದ ಅಳತೆ ಹಗ್ಗದ ಇನ್ನೊಂದು ತುದಿ ನನಗೇ ಕಾಣುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಮನೆ ಬಿಟ್ಟಿದ್ದೆ. ಮಾಘದ ಚಳಿ. ಓಣಿಯ ನಾಯಿಗಳು ಬೊಗಳುವುದಕ್ಕೂ ಬೇಸರಪಟ್ಟು ಬೂದಿಯಲ್ಲಿ ಮುದುಡಿಕೊಂಡಿದ್ದವು. ಕುಂಬಾರ ಓಣಿ ದಾಟಿ ಬಯಲಿಗೆ ಬಂದ ಮೇಲೆ ಬಲಗೈ ಮುಂದೆ ಚಾಚಿಕೊಂಡು, ಕಣ್ಣಿಲ್ಲದವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ನಡೆದೆ. ಶಿವನೇ, ಈ ಕೈಗೆ ಏನೂ ತಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮರ ಸಿಗಲಿ ಎಂದು ಬೇಡುತ್ತ ಬದುಕಿದವನು ನಾನು; ಸಿಗದಿರಲಿ ಎಂದು ಬೇಡಿದ್ದು ಕಡಿಮೆ. ನಲವತ್ತನೆಯ ಹೆಜ್ಜೆಗೆ ಅಂಗೈಗೆ ಒರಟು ತೊಗಟೆ ತಾಗಿತು. ಹುಣಸೆ ಅಲ್ಲೇ ಇತ್ತು.

"ಹೋಗಿಲ್ರಿ," ಎಂದಿತು ಮರದ ಆಚೆ ಮಗ್ಗುಲಿಂದ ಒಂದು ದನಿ.

ಅದು ಕಾಶವ್ವನ ದನಿ. ಅದೇ ಹುಣಸೆಯ ಬುಡದಲ್ಲಿ ಕೂತು ಊರ ಜನರಿಗೆ ಕೌದಿ ಹೊಲಿದುಕೊಡುವ ಹೆಂಗಸು. ಹಳೆ ಸೀರೆ, ಹರಿದ ಅಂಗಿ, ಯಾರದೋ ಮದುವೆಯ ಕುಬುಸ, ಎಲ್ಲ ಚಿಂದಿಯನ್ನೂ ಕೂಡಿಸಿ ಒಂದು ಹೊದಿಕೆ ಮಾಡುವುದು ಅವಳ ಕೆಲಸ. ಆ ಹುಣಸೆಗೆ ವರ್ಷಕ್ಕೊಮ್ಮೆ ಉಡಿ ತುಂಬುವ ಹಕ್ಕು ಅವಳ ಅತ್ತೆಯ ಅತ್ತೆಯ ಕಾಲದಿಂದ ಆ ಮನೆಯದು.

"ನೀ ಯಾವಾಗ ಬಂದಿ, ಕಾಶವ್ವ?"

"ಕೋಳಿ ಕೂಗೂದಕ್ಕಿಂತ ಮೊದಲ ಬಂದು ಗಿಡಕ್ಕ ಬೆನ್ನು ಹಚ್ಚಿ ಕುಂತೀನ್ರಿ. ಎದ್ದು ಹೋದ್ರ ಕಣ್ಣಿಗೆ ಕಾಣದಿದ್ರೂ ಬೆನ್ನಿಗೆ ಗೊತ್ತಾಗಲಿ ಅಂತ."

"ಏನು ಗೊತ್ತಾತು?"

"ಬೆನ್ನು ಸೆಟದದ್ದು ಗೊತ್ತಾತು," ಎಂದಳು. ನಗಲೆಂದು ಆಡಿದ ಮಾತು. ಆದರೆ ಅವಳೂ ನಗಲಿಲ್ಲ, ನಾನೂ ನಗಲಿಲ್ಲ. ಅವಳೇ ಮೆಲ್ಲಗೆ ಕೇಳಿದಳು: "ಅಯ್ಯಾರ, ಎರಡು ವರ್ಷ ಆತು. ನಾ ಏನ್ ತಪ್ಪು ಮಾಡೀನ್ರಿ ಇದಕ್ಕ?"

ನಾನು ಹಗ್ಗ ಬಿಚ್ಚಿ ಮರದ ಸುತ್ತ ಹಾಯಿಸತೊಡಗಿದೆ. ಅವಳ ಪ್ರಶ್ನೆಗೆ ಉತ್ತರ ನನ್ನ ಮನೆಯ ಗೋಡೆಯ ಮಾಡದೊಳಗೆ, ಒಂದು ತೊಳೆದ ವಸ್ತ್ರದಲ್ಲಿ ಸುತ್ತಿಕೊಂಡು ಕೂತಿತ್ತು.

ಇದನ್ನು ಓದುವವರಿಗೆ ನಮ್ಮೂರು ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಎಷ್ಟು ದೊಡ್ಡ ಮರಕ್ಕೂ ಬಾಯಿಮಾತಿನಲ್ಲಿ ಗಿಡ ಎಂದೇ ಹೇಳುತ್ತಾರೆ. ಮೂರು ತೆಕ್ಕೆಗೆ ಮೀರಿದ ಗಿಡ, ಅಂದರೆ ಮೂವರು ಕೈ ಕೈ ಹಿಡಿದು ಅಪ್ಪಿದರೂ ತೆಕ್ಕೆಗೆ ಸಿಗದ ಗಿಡ, ವರ್ಷಕ್ಕೊಂದು ದಿನ ತವರಿಗೆ ಹೋಗುತ್ತದೆ. ನಸುಕಿನಲ್ಲಿ ಹೋಗಿ ಮರುದಿನ ನಸುಕಿಗೆ ಬಂದು ನಿಂತಿರುತ್ತದೆ. ಹೋದ ಜಾಗದಲ್ಲಿ ಕುಳಿ ಇರುವುದಿಲ್ಲ. ಸಾರಿಸಿದ ಅಂಗಳದ ಹಾಗೆ ನೆಲ ಸಪಾಟಾಗಿರುತ್ತದೆ. ಒಂದೊಂದು ಗಿಡಕ್ಕೆ ಒಂದೊಂದು ದಿನ. ಬಸ್ ನಿಲ್ದಾಣದ ಆಲ ಹೋಗುವುದು ಚೈತ್ರದ ಉರಿಬಿಸಿಲಿನಲ್ಲಿ. ಅವತ್ತು ಕಂಡಕ್ಟರು, "ಇಳೀರಿ ಇಳೀರಿ, ಇವತ್ತ ನೆರಳು ರಜಾ, ತಲಿ ಮ್ಯಾಲ ಸೆರಗು ಹಾಕ್ಕೊಳ್ರಿ" ಎಂದು ಕೂಗುತ್ತಾನೆ. ಗಿಳಿಗಳು ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂತು, ಬಿಡಾರ ಬಿಟ್ಟವರ ಹಾಗೆ ದಿನವಿಡೀ ಜಗಳಾಡುತ್ತವೆ. ಪರವೂರಿನ ಡ್ರೈವರನೊಬ್ಬ ಒಮ್ಮೆ, ಜಾಗ ಖಾಲಿ ಇದೆಯಲ್ಲ ಎಂದು ಅಲ್ಲೇ ಟೆಂಪೊ ನಿಲ್ಲಿಸಿ ಮಲಗಲು ಹೋದ. ಆ ಟೆಂಪೊ ಈಗಲೂ ಆಲದ ಎರಡನೆಯ ಕವಲಿನಲ್ಲಿದೆ. ಅದರ ಸ್ಟೇರಿಂಗಿನ ಮೇಲೆ ಗೂಬೆಯೊಂದು ಸಂಸಾರ ಹೂಡಿದೆ.

ಹೋಗುವ ಹಿಂದಿನ ಸಂಜೆ ಗಿಡಕ್ಕೆ ಉಡಿ ತುಂಬುತ್ತೇವೆ. ಐದು ಹಿಡಿ ಜೋಳ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಬೆಲ್ಲದ ಚೂರು, ಒಂದು ಕುಬುಸದ ಖಣ. ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಹುಣಸೆಗೆ ಉಡಿ ಎಂದರೆ ಅದರ ಎದೆಮಟ್ಟದ ಪೊಟರೆ. ಅಲ್ಲಿ ಇಟ್ಟದ್ದು ಹೋಗುತ್ತದೆ. ತವರಿನವರು ಇಟ್ಟದ್ದು ಬರುತ್ತದೆ. ಒಮ್ಮೊಮ್ಮೆ ಉಡಿಯಲ್ಲದೆ ಬೇರೆ ಏನಾದರೂ ಆ ಊರಿನದು ಟೊಂಗೆಗೆ ಸಿಕ್ಕಿಕೊಂಡು ಬಂದುಬಿಡುತ್ತದೆ: ಯಾರೋ ಒಣಗಲು ಹಾಕಿದ ಧೋತ್ರ, ಒಂದು ಗಾಳಿಪಟ, ಒಮ್ಮೆ ಒಂದು ಮುನಿಸಿಕೊಂಡ ಹುಂಜ. ಅದಕ್ಕೆ ಹಿರಿಯರು ಒಂದು ಮಾತು ಕಟ್ಟಿಟ್ಟಿದ್ದಾರೆ. ಉಡಿಯಲ್ಲಿ ಬಂದದ್ದು ನಮ್ಮದು, ಕೊಂಬೆಯಲ್ಲಿ ಬಂದದ್ದು ಅವರದು. ಕೊಂಬೆಯಲ್ಲಿ ಬಂದದ್ದನ್ನು ಜೋಪಾನ ಮಾಡಿ, ಮುಂದಿನ ವರ್ಷ ಅದೇ ಕೊಂಬೆಗೆ ಕಟ್ಟಿ ಕಳಿಸಬೇಕು. ಹುಂಜವನ್ನೂ ಕಳಿಸಿದ್ದೇವೆ. ವರ್ಷವಿಡೀ ನಮ್ಮ ಜೋಳ ತಿಂದು ಹೋಗುವಾಗ ಎರಡರಷ್ಟಾಗಿತ್ತು.

ಇದನ್ನೆಲ್ಲ ಬರೆದಿಡುವವನು ನಾನು. ಹೆಸರು ರಾಚಯ್ಯ. ದಫ್ತರದ ಅಯ್ಯ ಎಂದರೆ ಬೇಗ ಗೊತ್ತಾಗುತ್ತದೆ. ಊರಲ್ಲಿ ಇಂಥ ನಲವತ್ತಮೂರು ಗಿಡಗಳಿವೆ. ವರ್ಷಕ್ಕೊಮ್ಮೆ ಪ್ರತಿಯೊಂದರ ಹತ್ತಿರ ಹೋಗಿ, ಎದೆಮಟ್ಟದಲ್ಲಿ ಹಗ್ಗ ಸುತ್ತಿ, ತುದಿ ಬಂದು ಸೇರುವ ಜಾಗಕ್ಕೆ ಒಂದು ಗಂಟು ಹಾಕಬೇಕು. ಗಿಡಕ್ಕೊಂದು ಹಗ್ಗ, ವರ್ಷಕ್ಕೊಂದು ಗಂಟು. ಗಿಡ ದಪ್ಪವಾದ ಹಾಗೆ ಗಂಟು ಇರುವೆಯಂತೆ ಮುಂದೆ ಸರಿಯುತ್ತದೆ. ಆಮೇಲೆ ದಫ್ತರದಲ್ಲಿ ಬರೆಯಬೇಕು: ಎಷ್ಟು ಮೊಳ, ಯಾವ ಟೊಂಗೆ ಒಣಗಿದೆ, ಯಾವ ಪೊಟರೆಯಲ್ಲಿ ಯಾರಿದ್ದಾರೆ, ಯಾವತ್ತು ಹೋಯಿತು, ಯಾವತ್ತು ಬಂತು, ಕೊಂಬೆಯಲ್ಲಿ ಏನು ತಂದಿತು. ನನಗೆ ಈ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: "ಪೊಟರಿ ಬಿದ್ದೈತಿ ಅಂದ್ರ ಗಿಡ ಕೆಟ್ಟಿತು ಅಂತ ಬರೀಬ್ಯಾಡೋ ತಮ್ಮಾ. ಮನಿ ಮಾಡಿ ಕೊಟ್ಟೈತಿ ಅಂತ ಬರಿ. ಒಣ ಟೊಂಗಿ ಅಂದ್ರ ಸಾವಲ್ಲ, ನರೆಗೂದಲು." ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಗಿಡ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಗಿಡದ ದಫ್ತರದಲ್ಲಿ ಸುಳ್ಳು ಇರಬಾರದು.

ನಾನು ಒಂದು ಸಾಲು ಸುಳ್ಳು ಬರೆದಿದ್ದೆ.

ಎರಡು ವರ್ಷದ ಹಿಂದೆ ಹುಣಸೆ ತವರಿನಿಂದ ಬಂದ ನಸುಕಿನಲ್ಲಿ ನಾನೊಬ್ಬನೇ ಇದ್ದೆ. ಕಾಶವ್ವನಿಗೆ ಜ್ವರ. ಉಡಿ ಇಳಿಸಿಕೊಳ್ಳಲೆಂದು ಹೋದವನು ನೋಡಿದರೆ, ಕೆಳಗಿನ ಮೋಟು ಕೊಂಬೆಯಿಂದ ಒಂದು ಹಗ್ಗ ಜೋತಾಡುತ್ತಿತ್ತು. ಅದರ ಮುಕ್ಕಾಲು ಭಾಗ ಕಾಂಡವನ್ನು ಸುತ್ತಿಕೊಂಡಿತ್ತು. ಹಿಡಿದು ನೋಡಿದೆ. ಅದು ಅಳತೆಯ ಹಗ್ಗ. ನಮ್ಮಲ್ಲಿ ಬೆಳೆಯದ ಯಾವುದೋ ನಾರು, ಜೇನಿನ ಬಣ್ಣ. ಉದ್ದಕ್ಕೂ ಗಂಟುಗಳು, ಒಂದರ ಹಿಂದೆ ಒಂದು, ಇರುವೆಯ ಸಾಲಿನ ಹಾಗೆ. ಎಣಿಸಿದೆ: ನೂರ ಹನ್ನೆರಡು. ನಮ್ಮ ಹುಣಸೆಯ ಹಗ್ಗಕ್ಕೆ ಇರುವುದು ಎಂಬತ್ತೊಂಬತ್ತು ಗಂಟು.

ನೀವೇ ಯೋಚಿಸಿ. ಗಿಡಗಳು ಎಲ್ಲಿಗೆ ಹೋಗುತ್ತವೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ತವರು ಎಂದ ಮೇಲೆ ಮುಗಿಯಿತು. ಆದರೆ ಆ ತವರಿನಲ್ಲೂ ಒಬ್ಬರು ನನ್ನ ಹಾಗೆಯೇ ನಸುಕಿಗೆ ಎದ್ದು, ಹಗ್ಗ ಹಿಡಿದು ಬಂದು, ಇದೇ ಹುಣಸೆಯನ್ನು ಅಪ್ಪಿ ಅಳೆಯುತ್ತಾರೆ. ನಮಗಿಂತ ಮೊದಲಿನಿಂದ ಅಳೆಯುತ್ತಿದ್ದಾರೆ. ಅರವತ್ತಾರು ವರ್ಷ ಬದುಕಿ, ನನ್ನಂಥ ಇನ್ನೊಬ್ಬರು ಲೋಕದಲ್ಲಿದ್ದಾರೆ ಎಂದು ಅವತ್ತು ಗೊತ್ತಾಯಿತು. ಗಂಟುಗಳನ್ನು ಬರೆದುಕೊಂಡು ಮುಂದಿನ ವರ್ಷ ಕಳಿಸಿದರಾಯಿತು, ಅಲ್ಲಿಯ ತನಕ ನಾಲ್ಕು ಜನ ಮುಟ್ಟಿ ಕೆಡಿಸುವುದು ಬೇಡ ಎಂದುಕೊಂಡೆ. ದಫ್ತರದಲ್ಲಿ, ಕೊಂಬೆಯಲ್ಲಿ ತಂದದ್ದು ಎಂಬ ಕಡೆ, "ಏನೂ ಇಲ್ಲ" ಎಂದು ಬರೆದೆ.

ಮನೆಗೆ ತಂದು ಎರಡೂ ಹಗ್ಗಗಳನ್ನು ಪಡಸಾಲೆಯಲ್ಲಿ ಜೊತೆಯಾಗಿ ಹಾಸಿದೆ. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಕೊನೆಯ ಗಂಟಿನ ಲೆಕ್ಕದಲ್ಲಿ ನಮ್ಮ ಹುಣಸೆ ಹದಿನಾರು ಮೊಳ. ಅವರದರಲ್ಲಿ ಅದೇ ಹುಣಸೆ ಒಂದು ಗೇಣು ಕಡಿಮೆ. ಹಿಂದಿನ ವರ್ಷದ ಗಂಟಿಗೂ ಒಂದು ಗೇಣು ಕಡಿಮೆ. ಎಂಬತ್ತೊಂಬತ್ತು ವರ್ಷಕ್ಕೂ, ತಪ್ಪದೆ, ಒಂದು ಗೇಣು. ಅವರು ಎಳೆದು ಅಳೆಯುತ್ತಾರೋ? ಬೇರೆ ಎತ್ತರದಲ್ಲಿ ಅಳೆಯುತ್ತಾರೋ? ಹಗ್ಗ ನೆನೆದು ಕುಗ್ಗಿದೆಯೋ? ನೆನೆಸಿ ನೋಡಿದೆ, ಒಣಗಿಸಿ ನೋಡಿದೆ. ಇನ್ನೊಂದು ತೊಡಕೂ ಇತ್ತು. ಕೊನೆಯ ಗಂಟಿನ ಆಚೆ ಕೆಂಪು ದಾರದ ಒಂದು ಸಣ್ಣ ಕುಣಿಕೆ. ಗಂಟಲ್ಲ, ಎಳೆದರೆ ಬಿಚ್ಚಿಹೋಗುವಂಥದು. ಅದೇನೆಂದು ತಿಳಿಯಲಿಲ್ಲ. ಒಂದು ವರ್ಷ ತುಂಬಿತು. ಕಳಿಸುವ ದಿನ ಬಂತು. ಇನ್ನೊಂದು ವರ್ಷ ಇರಲಿ, ಗುಟ್ಟು ಬಿಡಿಸಿಕೊಂಡೇ ಕಳಿಸುತ್ತೇನೆ ಎಂದೆ. ಆ ನಸುಕಿನಲ್ಲಿ ಹುಣಸೆ ಹೋಗಲಿಲ್ಲ.

ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಗಿಡಕ್ಕೂ ಆಲಸ್ಯ ಬರಬಾರದೇನು? ಈಗ ಈ ಇಬ್ಬನಿಯ ದಿನ ಎರಡನೆಯ ಸಲವೂ ಹೋಗದಿದ್ದಾಗ ಸಮಾಧಾನ ಹೇಳಿಕೊಳ್ಳಲು ಮಾತು ಉಳಿದಿರಲಿಲ್ಲ. ಹುಣಸೆಯ ಪಡುವಣ ಮಗ್ಗುಲು ಆಗಲೇ ಎಲೆ ಉದುರಿಸಿ ಬೋಳಾಗಿತ್ತು. ಕೆರೆ ಏರಿಯ ಬಸರಿ ಗಿಡಕ್ಕೂ ಹೀಗೆಯೇ ಆಗಿತ್ತು ಎಂದು ದಫ್ತರದಲ್ಲಿದೆ. ಎರಡು ಸಲ ತವರು ತಪ್ಪಿಸಿದ ಗಿಡ ಮೂರನೆಯ ಸಲ ಬರುವ ಮೊದಲೇ ಒಣಗಿ ಉರುಳಿತ್ತು. ಇಷ್ಟೇ ಆಗಿದ್ದರೆ ನನ್ನ ಪಾಪ ನನಗೂ ಗಿಡಕ್ಕೂ ನಡುವಿನದಾಗಿ ಉಳಿಯುತ್ತಿತ್ತು. ಆದರೆ ನಮ್ಮೂರಲ್ಲಿ ಗಿಡ ತವರಿಗೆ ಹೋಗದಿದ್ದರೆ ಬೈಗುಳ ಬೀಳುವುದು ಉಡಿ ತುಂಬುವ ಮನೆಗೆ.

ಸೂರ್ಯ ಮೇಲೇರಿ ಇಬ್ಬನಿ ಹರಿಯುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಹಬ್ಬಿತು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು.

"ಏನಬೇ ಕಾಶವ್ವ, ಸೊಸೀನ್ನ ಈ ವರ್ಷಾನೂ ಕಳಸಲಿಲ್ಲೇನು?" ಎಂದಳೊಬ್ಬಳು.

"ಉಡ್ಯಾಗ ಕೊಬ್ಬರಿ ಇಟ್ಟಿದ್ದಿಯೋ, ಬರೇ ಚಿಪ್ಪು ಇಟ್ಟಿದ್ದಿಯೋ?" ಎಂದಳು ಇನ್ನೊಬ್ಬಳು.

ಕಾಶವ್ವ ಸೂಜಿಗೆ ದಾರ ಪೋಣಿಸುತ್ತಲೇ, "ಚಿಪ್ಪು ನಿನ್ನ ಗಂಡನ ತಾಟಿಗೆ ಬಡಿಸಿದ್ನೆವ್ವಾ, ಕೇಳು ಹೋಗು" ಎಂದಳು. ಎಲ್ಲರೂ ನಕ್ಕರು. ಅವರು ಹೋದ ಮೇಲೆ ಅವಳು ಆ ಸೂಜಿಗೆ ಮೂರು ಸಲ ದಾರ ಪೋಣಿಸಲು ನೋಡಿದಳು, ಆಗಲಿಲ್ಲ.

ಮಧ್ಯಾಹ್ನಕ್ಕೆ ಊರಗೌಡ ಬಾಪುಗೌಡರ ಕಡೆಯಿಂದ ಹೇಳಿಕೆ ಬಂತು. ಸೋಮವಾರ ಸಂಜೆ ಕಾಶವ್ವ ಉಡಿ ತುಂಬುವ ಮೊರವನ್ನು ಚಾವಡಿಗೆ ತಂದಿಡಬೇಕು. ಹುಣಸೆಯ ಉಡಿ ಇನ್ನು ಮುಂದೆ ಹತ್ತಿ ಗಿರಣಿಯವರ ಮನೆಯಿಂದ. ಆ ಮೊರ ಅವಳ ಅತ್ತೆಯ ಅತ್ತೆ ತಂದದ್ದು. ಕಾಶವ್ವನಿಗೆ ಗಂಡನಿಲ್ಲ, ಹೊಲವಿಲ್ಲ. ಊರಲ್ಲಿ ಅವಳಿಗೊಂದು ಮಾನವಿದ್ದರೆ ಅದು ಆ ಮೊರ.

ಆ ಮೂರು ದಿನ ಪೂಜೆಗೆ ಕೂತರೆ ಅಂಗೈಯಲ್ಲಿದ್ದ ಲಿಂಗ ಭಾರವೆನಿಸುತ್ತಿತ್ತು. ಕಣ್ಣು ಮುಚ್ಚಿದರೆ ಹನ್ನೊಂದು ವರ್ಷದ ಹಿಂದಿನದು ಕಾಣುತ್ತಿತ್ತು. ಆಗಲೂ ಉಡಿ ತುಂಬುವ ಸಂಜೆಯೇ. ದಫ್ತರದ ಒಂದು ವರ್ಷದ ಪುಸ್ತಕವನ್ನು ಹುಣಸೆಯ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅದಿರಲಿಲ್ಲ. ಹತ್ತು ಜನರೆದುರು ನಾನು, "ನಿನ್ನ ಚಿಂದಿ ಗಂಟಿನ್ಯಾಗ ಸೇರೇತೇನು ನೋಡು, ಕಾಶವ್ವ" ಎಂದಿದ್ದೆ. "ನೀವು ಎಲ್ಲಿಟ್ಟೀರೋ ನಿಮಗ ನೆನಪಿಲ್ರಿ" ಎಂದಿದ್ದಳು. "ಕಟ್ಟಿ ಮ್ಯಾಲ ಇಟ್ಟೀನಿ, ನನ್ನ ಕಣ್ಣಿಗೆ ಕಟ್ಟಿದಂಗ ಐತಿ" ಎಂದೆ. ಅವಳು ಗಂಟು ಬಿಚ್ಚಿ, ಒಂದೊಂದೇ ಚಿಂದಿಯನ್ನು ಎತ್ತಿ ಎತ್ತಿ ಕೊಡವಿ ಎಲ್ಲರಿಗೂ ತೋರಿಸಿದಳು. ಇನ್ನೂರು ಚಿಂದಿ ಇದ್ದಾವು. ಕೊನೆಯದನ್ನು ತೋರಿಸುವಾಗ ಜನ ಎದ್ದು ಹೋಗಿದ್ದರು. ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು. ಪುಸ್ತಕ ಸಿಗಲೇ ಇಲ್ಲ. ನನ್ನ ಅನುಮಾನವೂ ಪೂರ್ತಿ ಹೋಗಿರಲಿಲ್ಲ. ಈಗ ಮತ್ತೆ ನನ್ನಿಂದಾಗಿ ಅವಳು ಇನ್ನೊಂದು ಗಂಟು ಬಿಚ್ಚಿ ಜನರ ಮುಂದೆ ಕೊಡವಬೇಕು.

ಸೋಮವಾರ ಬೆಳಗ್ಗೆ ಮಾಡದಿಂದ ಹಗ್ಗ ತೆಗೆದುಕೊಂಡು ಹೋಗಿ ಅವಳ ಕೌದಿಯ ಮೇಲಿಟ್ಟೆ. ಎಲ್ಲ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಸೂಜಿಯನ್ನು ಕೌದಿಗೆ ಚುಚ್ಚಿ ಬಿಟ್ಟಳು.

"ಎರಡು ವರ್ಷ," ಎಂದಳು. "ಎರಡು ವರ್ಷ ನಾ ಆ ಗಿಡದ ಕಾಲು ಹಿಡದು ಕೇಳೀನಿ, ಏನು ತಪ್ಪಾತು ಹೇಳವ್ವಾ ಅಂತ. ನೀವು ಬಾಜೂಕ ನಿಂತು ಗಂಟು ಹಾಕ್ಕೋತ ಕೇಳೀರಿ."

"ಹೌದು, ಕೇಳೀನಿ."

"ಯಾಕ್ರೀ ಇಟ್ಕೊಂಡ್ರಿ? ಬಂಗಾರದ್ದೇನು ಇದು?"

"ಒಂದು ಗೇಣು ಕಡಿಮಿ ಬರ್ತೈತಿ, ಕಾಶವ್ವ. ಅದೇ ಗಿಡ, ಅದೇ ವರ್ಷ. ಅಲ್ಲೆ ಅಳದ್ರ ಒಂದು ಗೇಣು ಸಣ್ಣದು. ಯಾಕ ಅಂತ ತಿಳೀಲಿಲ್ಲ. ತಿಳಕೊಂಡು ಕಳಸೋಣು ಅಂತ…"

ಅವಳು ನನ್ನ ಮುಖ ನೋಡಿದಳು. ಸಿಟ್ಟಿನಲ್ಲಿದ್ದ ಮುಖಕ್ಕೆ ಒಳಗಿನಿಂದ ಎಲ್ಲಿಂದಲೋ ನಗು ಬಂದು ಬಡಿಯಿತು. ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. "ಎಪ್ಪಾ ಶಿವನೇ, ಇದಕ್ಕ ಎರಡು ವರ್ಷ ಬೇಕಾತ? ತವರಿಗೆ ಹೋದ್ರ ಯಾವ ಹೆಣ್ಣಮಗಳು ಸಣ್ಣಾಕಿ ಆಗೂದಿಲ್ಲ ಹೇಳ್ರಿ? ನಾನೂ ಈ ವಯಸ್ಸಿನ್ಯಾಗ ತವರಿಗೆ ಹೋದ್ರ ನಮ್ಮವ್ವನ ತೊಡಿ ಮ್ಯಾಲ ತಲಿ ಇಟ್ಟು ಮಲಗತಿದ್ನಿ. ನನ್ನನ್ನ ಕೇಳಬೇಕಿತ್ತಿಲ್ಲ?"

ಅಷ್ಟರಲ್ಲಿ ಅವಳ ಬೆರಳು ಹಗ್ಗದ ಮೇಲೆ ಓಡುತ್ತ ಹೋಗಿ ಕೆಂಪು ದಾರದ ಹತ್ತಿರ ನಿಂತಿತು. ನಗು ನಿಂತಿತು.

"ಇದನ್ನ ಬಿಚ್ಚಿಲ್ಲ ಹೌದಿಲ್ಲೋ?"

"ಇಲ್ಲ. ಅದೇನಂತ ಗೊತ್ತಾಗಲಿಲ್ಲ."

"ಗುರುತು ಇದು. ಹೊಲಿಯೂವಾಗ ಯಾರರ ಕರದ್ರ, ಬಿಟ್ಟ ಜಾಗಕ್ಕ ಹಿಂಗ ಕೆಂಪು ದಾರದ ಕುಣಿಕಿ ಹಾಕಿ ಏಳತೀವಿ. ಬಂದು ಕುಂತ ಮ್ಯಾಲ ಎಲ್ಲಿ ಬಿಟ್ಟೆ ಅಂತ ಹುಡುಕಬಾರದಲ್ಲ." ತನ್ನ ಕೌದಿಯ ಅಂಚು ಎತ್ತಿ ತೋರಿಸಿದಳು. ಅಲ್ಲಿಯೂ ಒಂದು ಕೆಂಪು ಕುಣಿಕೆ. "ಗಂಡಸರ ಕೆಲಸ ಅಲ್ರಿ ಇದು. ಅಳಿಯೂವಾಕಿ ಹೆಂಗಸು. ಅಳಿಯೂವಾಗ ಯಾರೋ ಕರದಾರ. ಕೂಸು ಅತ್ತಿರಬೇಕು, ಇಲ್ಲಾ ಹಾಲು ಉಕ್ಕಿರಬೇಕು. ಈಗ ಬಂದೆ ಅಂತ ಗುರುತು ಹಾಕಿ ಹೋಗ್ಯಾಳ. ತಿರುಗಿ ಬಂದ್ರ ಗಿಡಾನೂ ಇಲ್ಲ, ಹಗ್ಗಾನೂ ಇಲ್ಲ." ಆ ಕುಣಿಕೆಯನ್ನು ಬೆರಳಿನಿಂದ ಸವರಿ ಅಂದಳು: "ಎರಡು ವರ್ಷ ಆತಲ್ರಿ, ಪಾಪ. ಅಕಿ ಅಳತಿ ಅರ್ಧಕ್ಕ ನಿಂತೈತಿ."

ನೂರ ಹನ್ನೆರಡು ಗಂಟುಗಳನ್ನು ಎಣಿಸಿದ್ದ ನನಗೆ ಆ ಹೆಂಗಸಿನ ಮುಖ ಒಮ್ಮೆಯೂ ಕಂಡಿರಲಿಲ್ಲ. ಕಾಶವ್ವನಿಗೆ ಒಂದು ಎಳೆ ದಾರದಲ್ಲಿ ಅವಳ ಒಲೆ, ಅವಳ ಕೂಸು, ಅವಳ ಗಾಬರಿ ಎಲ್ಲ ಕಂಡಿತು. ಈ ಊರಿನಲ್ಲಿ ಯಾರು ದಫ್ತರ ಬರೆಯಬೇಕಿತ್ತೋ, ಬರೆದವನು ಯಾರೋ ಅನ್ನಿಸಿತು.

"ಕಾಶವ್ವ, ನನ್ನದು ತಪ್ಪಾತು," ಎಂದೆ.

"ನನ್ನ ಮುಂದ ಹೇಳಿದ್ರ ನನಗೇನು ಬಂತು?" ಎಂದಳು, ಮತ್ತೆ ಸೂಜಿ ಹಿಡಿದು. "ನನ್ನ ಮೊರ ಕಸ್ಕೊಳ್ಳೂದು ಚಾವಡ್ಯಾಗ. ಅಲ್ಲೆ ಹೇಳ್ರಿ."

ಸಂಜೆ ಚಾವಡಿ ತುಂಬಿತ್ತು. ಕಾಶವ್ವ ಮೊರವನ್ನು ಎದೆಗೆ ಅವಚಿಕೊಂಡು ಕಂಬದ ಹತ್ತಿರ ನಿಂತಿದ್ದಳು. ಬಾಪುಗೌಡರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನೇ ಎದ್ದು, ದಫ್ತರ ತೆರೆದು, ಆ ಸಾಲನ್ನು ಓದಿದೆ: ದೊಡ್ಡ ಹುಣಸೆ. ಕೊಂಬೆಯಲ್ಲಿ ತಂದದ್ದು, ಏನೂ ಇಲ್ಲ. "ಇದು ಸುಳ್ಳು," ಎಂದೆ. "ನಾ ಬರದ ಸುಳ್ಳು." ಹಗ್ಗವನ್ನು ಎತ್ತಿ ತೋರಿಸಿದೆ. ಆ ಸಾಲನ್ನು ಹೊಡೆದು, ಎಲ್ಲರಿಗೂ ಕೇಳುವ ಹಾಗೆ ಓದುತ್ತ, ಅದರ ಕೆಳಗೆ ಬರೆದೆ: ಅಳತೆಯ ಹಗ್ಗ ಒಂದು, ಗಂಟು ನೂರ ಹನ್ನೆರಡು, ಕೆಂಪು ಗುರುತು ಒಂದು. ದಫ್ತರದವನು ಎರಡು ವರ್ಷ ಬಚ್ಚಿಟ್ಟುಕೊಂಡದ್ದು.

ಹಿಂದಿನಿಂದ ಯಾರೋ, "ಹುಂಜಾನ ತಿರುಗಿ ಕಳಸೀವಲ್ರೀ ಅಯ್ಯಾರ, ನಿಮಗ ಹಗ್ಗ ಬಿಡಲಿಕ್ಕೆ ಆಗಲಿಲ್ಲೇನು?" ಎಂದರು. ಚಾವಡಿ ಗೊಳ್ಳೆಂದಿತು. "ದಫ್ತರ ಕಸ್ಕೊಳ್ರಿ ಇವರ ಕಡಿಂದ" ಎಂದ ಗಿರಣಿಯವರ ಅಳಿಯ. ಚಹಾದ ಅಂಗಡಿಯ ದಸ್ತಗೀರಸಾಬ ಕೂತಲ್ಲಿಂದಲೇ ಹೇಳಿದ: "ಕಸ್ಕೊಂಡು ಯಾರಿಗೆ ಕೊಡ್ತಿ? ನಿನಗೇನು? ಬೇವಿಗೂ ಬಸರಿಗೂ ಫರಕ ತಿಳೀದಂವ ನೀ. ಸುಳ್ಳು ಬರದು ತಾನ ಬಂದು ಹೊಡದು ಹಾಕಿದ ದಫ್ತರ ನಾ ಮತ್ತೊಂದು ನೋಡಿಲ್ಲ. ಇರಲಿ ಬಿಡ್ರಿ."

ಬಾಪುಗೌಡರು ನನ್ನ ಕಡೆ ನೋಡಲಿಲ್ಲ. ಕಾಶವ್ವನ ಕಡೆ ತಿರುಗಿ, "ಯವ್ವಾ, ಮೊರ ಒಳಗ ತರಬ್ಯಾಡ. ಮನಿಗೆ ಒಯ್ಯಿ" ಎಂದರು.

"ಮನಿಗೆ ಯಾಕ ಒಯ್ಯಲಿ? ಗಿಡದ ಕಡೆ ಒಯ್ತೀನಿ," ಎಂದಳು ಅವಳು. "ಈಗ ಉಡಿ ತುಂಬ್ತೀನಿ."

"ದಿನ ಮುಗದು ಹೋತಲ್ಲ, ಕಾಶವ್ವ," ಎಂದೆ ನಾನು. "ದಫ್ತರದಾಗ ಇದರ ದಿನ ಮೊನ್ನೇನ…"

"ತವರಿಗೆ ಹೋಗಾಕ ನಿಮ್ಮ ದಫ್ತರ ಯಾಕ್ರಿ ಬೇಕು? ಮನಸಾದ್ರ ಹೋಗ್ತಾಳ."

ಹೊತ್ತು ಮುಳುಗುವ ಮೊದಲೇ ಎಲ್ಲರೂ ಹುಣಸೆಯ ಹತ್ತಿರ ಸೇರಿದರು. ಮೊನ್ನೆ ಕೊಬ್ಬರಿ ಚಿಪ್ಪಿನ ಮಾತಾಡಿದವಳೇ ಒಂದು ಪೂರ್ತಿ ಗಿಟುಕು ಕೊಬ್ಬರಿ ತಂದು ಮೊರದಲ್ಲಿಟ್ಟಳು. ಕಾಶವ್ವ ಪೊಟರೆಯೊಳಗೆ ಐದು ಹಿಡಿ ಜೋಳ ಸುರಿದು, ಅರಿಶಿನವಿಟ್ಟು, ಖಣದ ಬದಲು ತನ್ನ ಕೈಯಿಂದ ಹೊಲಿದ ಒಂದು ಸಣ್ಣ ಕೂಸಿನ ಕೌದಿ ಮಡಚಿಟ್ಟಳು. ಅಳುವ ಕೂಸಿಗೆ ಇರಲಿ ಎಂದಳು. ನಾನು ಹಗ್ಗವನ್ನು ಅದೇ ಮೋಟು ಕೊಂಬೆಗೆ, ಬಂದ ಹಾಗೆಯೇ, ಮುಕ್ಕಾಲು ಸುತ್ತು ಸುತ್ತಿ ಕಟ್ಟಿದೆ. ಕೆಂಪು ಕುಣಿಕೆ ಮೇಲೆ ಕಾಣುವ ಹಾಗೆ ತಿರುಗಿಸಿದೆ. ತೊಗಟೆಗೆ ಹಣೆ ಹಚ್ಚಿ ನಿಂತೆ. ಏನೂ ಬೇಡಲಿಲ್ಲ. ಬೇಡುವ ಮುಖ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಆಕಾಶ ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ಇಬ್ಬನಿಯ ಒಂದು ಎಳೆಯೂ ಇರಲಿಲ್ಲ. ಓಣಿಯ ತುದಿಯಿಂದಲೇ ಕಂಡಿತು: ಹುಣಸೆ ಇರುವ ಕಡೆ ಬರೀ ಬೆಳಕು. ಮಂಗಗಳು ಗಿರಣಿಯ ತಗಡಿನ ಮೇಲೆ ಕೂತು ಪೆಚ್ಚಾಗಿ ನೋಡುತ್ತಿದ್ದವು. ವರ್ಷವಿಡೀ ಬಿಸಿಲು ಕಾಣದ ನೆಲ ಅದು. ಆ ನೆಲಕ್ಕೆ ಬಿದ್ದ ಬಿಸಿಲಿಗೆ ಬೇರೆಯೇ ಹದ ಇರುತ್ತದೆಂದು ನಮ್ಮ ಹೆಂಗಸರು ನಂಬುತ್ತಾರೆ. ಎರಡು ವರ್ಷದಿಂದ ಸಿಗದ ಆ ಬಿಸಿಲಿಗೆ ಅವತ್ತು ಬಾಣಂತಿಯರು ಕೂಸುಗಳನ್ನು ತಂದು ಮಲಗಿಸಿದರು. ಮುದುಕರು ಮೊಣಕಾಲು ಚಾಚಿ ಕೂತರು. ಸಂಡಿಗೆಗೆ ಜಾಗಕ್ಕಾಗಿ ಎರಡು ಜಗಳವಾದವು. ಕಾಶವ್ವ ನಟ್ಟ ನಡುವೆ, ಕಾಂಡ ನಿಲ್ಲುವ ಜಾಗದಲ್ಲೇ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೂ ಅವಳನ್ನು ಸರಿ ಎನ್ನಲಿಲ್ಲ. ಸಂಜೆಯಾದ ಮೇಲೆ, "ನಡೀರಿ, ಆಕಿ ಬರೂ ಹೊತ್ತಿಗೆ ಜಾಗ ಖಾಲಿ ಇರಲಿ" ಎಂದು ತಾನೇ ಎಲ್ಲರನ್ನೂ ಎಬ್ಬಿಸಿದಳು.

ನಾನು ದಫ್ತರದಲ್ಲಿ ಬರೆದೆ: ಹೋಯಿತು. ಅದರ ಮುಂದೆ, ಬಂದ ದಿನ ಎಂಬ ಕಡೆ ಖಾಲಿ ಬಿಟ್ಟೆ. ಯಾಕೆಂದರೆ ನನಗೊಂದು ಅಂಜಿಕೆ ಇತ್ತು. ಅಲ್ಲಿ ಅಳೆಯುವ ಹೆಣ್ಣುಮಗಳು, ಎರಡು ವರ್ಷ ಹಗ್ಗ ಬಚ್ಚಿಟ್ಟುಕೊಂಡ ಊರಿಗೆ ಮಗಳನ್ನು ಯಾಕೆ ಕಳಿಸಬೇಕು, ಇರಲಿ ಇಲ್ಲೇ ಎಂದರೆ?

ಬುಧವಾರ ಪೂಜೆ ಮುಗಿಸಿ ಹೋಗುವಷ್ಟರಲ್ಲಿ ಬಾನು ಬೆಳ್ಳಗಾಗಿತ್ತು. ಹುಣಸೆ ಬಂದಿತ್ತು. ಬೋಳಾಗಿದ್ದ ಪಡುವಣ ಮಗ್ಗುಲಿನ ತುದಿಗಳಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚಿಗುರು. ನಾನು ಮೊದಲು ನೋಡಿದ್ದು ಮೋಟು ಕೊಂಬೆಯನ್ನು. ಖಾಲಿ. ಹಗ್ಗವಿಲ್ಲ, ಬೇರೇನೂ ಇಲ್ಲ. ಈ ಸಲ "ಏನೂ ಇಲ್ಲ" ಎಂದು ನಿಜವಾಗಿಯೂ ಬರೆಯಬಹುದು ಎಂದುಕೊಂಡು, ದಫ್ತರ ತೆರೆದು ಕಟ್ಟೆಯ ಮೇಲೆ ಕೂತೆ.

ಕಾಶವ್ವ ನನಗಿಂತ ಮೊದಲು ಬಂದಿದ್ದಳು. ಪೊಟರೆಯೊಳಗೆ ಕೈ ಹಾಕಿ ತವರಿನ ಉಡಿ ಒಂದೊಂದಾಗಿ ತೆಗೆದು ಮೊರಕ್ಕೆ ಹಾಕುತ್ತಿದ್ದಳು. ನಾವು ಕಾಣದ ಯಾವುದೋ ಕೆಂಪು ಧಾನ್ಯ, ಒಂದು ಒಣ ಹಣ್ಣು, ಹೆಸರು ತಿಳಿಯದ ನೇಯ್ಗೆಯ ಒಂದು ಖಣ. ಆಮೇಲೆ ಅವಳ ಕೈ ಒಳಗೇ ನಿಂತಿತು. ಮೊಣಕೈ ತನಕ ಒಳಗೆ ಹೋಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಪುಸ್ತಕವಿತ್ತು.

ಹೊಸ ಬಟ್ಟೆಯ ಹೊದಿಕೆ ಹಾಕಿ, ಬೆನ್ನಿಗೆ ಸಣ್ಣ ಹೊಲಿಗೆ ಹಾಕಿ ಬಿಗಿ ಮಾಡಿದ್ದರು. ಆದರೂ ಅಂಚಿಗೆ ಹತ್ತಿದ ಮಸಿಯ ಕಲೆ ನನ್ನ ಹೆಬ್ಬೆರಳಿನದೇ ಎಂದು ದೂರದಿಂದಲೇ ಗುರುತು ಸಿಕ್ಕಿತು. ಆಗ ನೆನಪಾಯಿತು: ಹನ್ನೊಂದು ವರ್ಷದ ಹಿಂದೆ ನಾನು ಅದನ್ನು ಕಟ್ಟೆಯ ಮೇಲೆ ಇಟ್ಟಿರಲಿಲ್ಲ. ಇಬ್ಬನಿಗೆ ನೆನೆಯುತ್ತದೆಂದು ಪೊಟರೆಯೊಳಗೆ, ಉಡಿಯೊಳಗೆ ಇಟ್ಟು ಮರೆತಿದ್ದೆ. ಉಡಿಯಲ್ಲಿ ಹೋದದ್ದು ಅವರದು. ಉಡುಗೊರೆ ಎಂದೇ ತಿಳಿದು ಇಟ್ಟುಕೊಂಡಿರಬೇಕು, ತಿಳಿಯದ ಅಕ್ಷರಗಳನ್ನು ನೋಡಿ ನೋಡಿ ನನ್ನ ಹಾಗೆಯೇ ತಲೆ ಕೆಡಿಸಿಕೊಂಡಿರಬೇಕು. ತನ್ನ ಹಗ್ಗ ಕೈ ಸೇರಿದ ಮೇಲೆ, ಇದೂ ಯಾರದೋ ಕೈ ಬಿಟ್ಟು ಬಂದದ್ದು ಎಂದು ಅವಳಿಗೆ ಹೊಳೆದಿರಬೇಕು.

ನಾನು ಎದ್ದು ನಿಂತೆ. ಇನ್ನೂರು ಚಿಂದಿಗಳೂ ಕಣ್ಣ ಮುಂದೆ ಬಂದವು. ಈಗ ಅವಳು ಏನಾದರೂ ಅನ್ನಲಿ, ಓಣಿಗೆಲ್ಲ ಕೇಳುವ ಹಾಗೆ ಅನ್ನಲಿ ಎಂದು ಕಾದೆ. ನೀರಿನ ಹೆಂಗಸರು ಆಗಲೇ ಕೊಡ ಹೊತ್ತು ಆ ಕಡೆ ಬರುತ್ತಿದ್ದರು.

ಕಾಶವ್ವ ಪುಸ್ತಕವನ್ನು ಸೆರಗಿನಿಂದ ಒರೆಸಿದಳು. ಅವರು ಹತ್ತಿರ ಬರುವ ಮುಂಚೆ, ನಾಲ್ಕು ಹೆಜ್ಜೆ ನಡೆದು ಬಂದು ಅದನ್ನು ನನ್ನ ಎರಡೂ ಕೈಗಳಲ್ಲಿಟ್ಟಳು. ಪುಟಗಳ ನಡುವಿನಿಂದ, ನನ್ನ ಬರವಣಿಗೆ ನಿಂತ ಕಡೆ, ಕೆಂಪು ದಾರದ ಒಂದು ಕುಣಿಕೆ ಹೊರಗಿಣುಕುತ್ತಿತ್ತು. ಅವಳು ಅದನ್ನು ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿ, ಏನೂ ಅನ್ನದೆ, ತನ್ನ ಜಾಗಕ್ಕೆ ಹೋಗಿ ಸೂಜಿಗೆ ದಾರ ಪೋಣಿಸತೊಡಗಿದಳು.